ವಿಜ್ಞಾನ ಮತ್ತು ಗಣಿತ ವಿದ್ಯಾರ್ಥಿಗಳಿಗೆ ಫಲಪ್ರದ ಅಧ್ಯಯನ ಕ್ರಮ

ಹುಬ್ಬಳ್ಳಿ ಮತ್ತು ಧಾರವಾಡ ನಗರಗಳ ನಡುವಿನ ಸತ್ತೂರ, ವಿದ್ಯಾರ್ಥಿಗಳ ನಿತ್ಯ ಸಂಚಾರದ ಮಾರ್ಗದಲ್ಲಿದೆ. ಇಲ್ಲಿ 2003ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಸಮೀಪದ ಧಾರವಾಡದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕೇಂಬ್ರಿಜ್‌ನಲ್ಲಿ ಗಣಿತ ಅಭ್ಯಸಿಸಿ ರ್‍ಯಾಂಗ್ಲರ್ ಎನಿಸಿದ ಡಾ. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದರು.

ದ್ವಿತೀಯ ಪಿಯುಸಿಯಲ್ಲಿ ಉತ್ತಮ ಅಂಕ ಪಡೆದವರೂ ಪದವಿಯ ಮೊದಲ ಸೆಮಿಸ್ಟರ್‌ನಲ್ಲಿ ಅನುತ್ತೀರ್ಣರಾಗುವುದುಂಟು. ಮುಂದಿನ ತರಗತಿಗೆ ತೇರ್ಗಡೆಯಾಗದಿದ್ದಲ್ಲಿ ವಿದ್ಯಾರ್ಥಿವೇತನದ ನವೀಕರಣಕ್ಕೂ ಅಡಚಣೆಯಾಗಬಹುದು. ಅನೇಕ ಸಂದರ್ಭಗಳಲ್ಲಿ ಇದಕ್ಕೆ ಓದಿನ ಅವಧಿಯ ಕೊರತೆಗಿಂತ ಓದಿನ ಕ್ರಮವೇ ಕಾರಣವಾಗಿರುತ್ತದೆ.

ಸುಲಭವೆನಿಸುವ ಓದು ಏಕೆ ಸಾಲದು?

ಬಿಡಿಸಿದ ಲೆಕ್ಕವನ್ನು ಮತ್ತೆ ಮತ್ತೆ ಓದಿದಾಗ ಅದು ಪರಿಚಿತವಾಗುತ್ತದೆ. ಪರಿಚಯವನ್ನೇ ತಿಳಿವಳಿಕೆಯೆಂದು ಭಾವಿಸುವುದು ಸಾಮಾನ್ಯ ತಪ್ಪು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಾಠವನ್ನು ಎರಡು ಬಾರಿ ಓದಿದವರು ವಾರದ ನಂತರ ಅದರ ಶೇ. 42ರಷ್ಟನ್ನು ನೆನಪಿಸಿಕೊಂಡರು, ಒಮ್ಮೆ ಓದಿ, ಬಳಿಕ ನೆನಪಿನಿಂದ ಬರೆದವರು ಶೇ. 56ರಷ್ಟನ್ನು ನೆನಪಿಸಿಕೊಂಡರು. ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಗಣಿತದ ಪ್ರಯೋಗದಲ್ಲಿ, ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಅಭ್ಯಾಸದ ವೇಳೆ ಮುಂದಿದ್ದರು. ಆದರೆ ವಾರದ ನಂತರದ ಪರೀಕ್ಷೆಯಲ್ಲಿ ಅವರು ಶೇ. 20ರಷ್ಟು ಮಾತ್ರ ಸರಿಯಾಗಿ ಉತ್ತರಿಸಿದರು. ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಬೆರೆಸಿ ಮಾಡಿದವರು ಶೇ. 63ರಷ್ಟು ಸರಿಯಾಗಿ ಉತ್ತರಿಸಿದರು.

ಅನುಸರಿಸಬೇಕಾದ ಕ್ರಮಗಳು

1. ತರಗತಿ ಮುಗಿದ ದಿನವೇ ಪುಸ್ತಕ ಮುಚ್ಚಿ, ಅಂದಿನ ವ್ಯಾಖ್ಯೆ, ಸೂತ್ರ ಮತ್ತು ಸಾಧನೆಗಳನ್ನು ಖಾಲಿ ಹಾಳೆಯ ಮೇಲೆ ಬರೆಯತಕ್ಕದ್ದು. ಬಿಟ್ಟುಹೋದ ಅಂಶಗಳನ್ನು ನಂತರ ಪುಸ್ತಕ ನೋಡಿ ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸುವುದು.

2. ಅದೇ ಪಾಠವನ್ನು ಎರಡು ದಿನ, ಒಂದು ವಾರ ಮತ್ತು ಒಂದು ತಿಂಗಳ ನಂತರ ಪುನಃ ನೆನಪಿನಿಂದ ಬರೆಯುವುದು. ಪರೀಕ್ಷೆಯ ಹಿಂದಿನ ರಾತ್ರಿಯ ಜಾಗರಣೆಗಿಂತ ಇದು ಹೆಚ್ಚು ಫಲಕಾರಿ.

3. ಲೆಕ್ಕಗಳನ್ನು ಅಧ್ಯಾಯವಾರು ಮಾತ್ರವಲ್ಲದೆ ಬೆರೆಸಿ ಬಿಡಿಸುವುದು. ಉದಾಹರಣೆಗೆ, ಅವಕಲ ಸಮೀಕರಣ ನೀಡಿದಾಗ ಯಾವ ವಿಧಾನ ಅನ್ವಯಿಸುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಯಾರೂ ತಿಳಿಸುವುದಿಲ್ಲ. ವಿಧಾನವನ್ನು ಆರಿಸುವುದಕ್ಕೂ ಅಭ್ಯಾಸ ಅಗತ್ಯ.

4. ಉತ್ತರ ನೋಡುವ ಮೊದಲು ಕನಿಷ್ಠ ಹದಿನೈದು ನಿಮಿಷ ಸ್ವಂತ ಪ್ರಯತ್ನ ಮಾಡುವುದು. ಎಲ್ಲಿ ತಡೆಯಾಯಿತು ಎಂಬುದನ್ನು ಬರೆದಿಟ್ಟುಕೊಂಡು ಅಧ್ಯಾಪಕರನ್ನು ಕೇಳುವುದು.

5. ಕನ್ನಡ ಮಾಧ್ಯಮದಿಂದ ಬಂದವರು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಳ್ಳುವುದು, ಮತ್ತು ಪ್ರತಿಯೊಂದು ಪರಿಕಲ್ಪನೆಯನ್ನು ಗೆಳೆಯರಿಗೆ ಕನ್ನಡದಲ್ಲಿ ವಿವರಿಸುವುದು. ವಿವರಿಸಲು ಬಾರದ ಭಾಗವೇ ಪುನಃ ಓದಬೇಕಾದ ಭಾಗ.

6. ಚಿಗರಿ ಬಸ್ಸಿನಲ್ಲಿ ಪ್ರಯಾಣಿಸುವಾಗ ಹಿಂದಿನ ದಿನದ ಸೂತ್ರಗಳನ್ನು ಮನಸ್ಸಿನಲ್ಲಿಯೇ ನೆನಪಿಸಿಕೊಳ್ಳಬಹುದು. ಇದಕ್ಕೆ ಪುಸ್ತಕವೂ ಬೇಕಿಲ್ಲ, ಆಸನವೂ ಬೇಕಿಲ್ಲ.

ಪಾಲಕರ ಗಮನಕ್ಕೆ

ಈ ಕ್ರಮದಲ್ಲಿ ಆರಂಭದಲ್ಲಿ ತಪ್ಪುಗಳು ಹೆಚ್ಚು, ವೇಗ ಕಡಿಮೆ. ಮಗ ಅಥವಾ ಮಗಳು ಪುಸ್ತಕ ಮುಚ್ಚಿಟ್ಟು, ಬರೆದದ್ದನ್ನು ಹೊಡೆದುಹಾಕುತ್ತ ಕುಳಿತಿದ್ದರೆ ಅದನ್ನು ಕಾಲಹರಣವೆಂದು ತಿಳಿಯಬಾರದು. ಕಲಿಕೆ ನಡೆಯುವುದು ಆ ವೇಳೆಯಲ್ಲಿಯೇ. ಸಾಕಷ್ಟು ನಿದ್ರೆಗೂ ಅವಕಾಶ ಮಾಡಿಕೊಡಲು ಕೋರಲಾಗಿದೆ.