ಹದಿಹರೆಯದ ದೇಹಕ್ಕೆ ಒಂದೇ ಗಡಿಯಾರವಿಲ್ಲ

ಹೆಬ್ಬಾಳದ ದಟ್ಟಣೆಗೆ ಅಂಜಿ ಯಲಹಂಕ, ಆರ್.ಟಿ. ನಗರ, ಯಶವಂತಪುರಗಳ ಎಷ್ಟೋ ಶಾಲಾ ವಾಹನಗಳು ಬೆಳಕು ಹರಿಯುತ್ತಿದ್ದಂತೆಯೇ ಹೊರಡುವ ಉತ್ತರ ಬೆಂಗಳೂರಿನಲ್ಲಿ, ಹೈಸ್ಕೂಲು ಓದುವ ಮಕ್ಕಳು ಎಷ್ಟು ಎಬ್ಬಿಸಿದರೂ ಏಳುವುದಿಲ್ಲವೆಂಬುದು ಮನೆಮನೆಯ ದೂರು. ಇದಕ್ಕೆ ಸೋಮಾರಿತನವೆಂಬ ಹೆಸರು ಸುಲಭವಾಗಿ ಅಂಟುತ್ತದೆಯಾದರೂ, ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯವೆಂದು ಗುರುತಿಸುವ 10ರಿಂದ 19ರ ವಯಸ್ಸಿನಲ್ಲಿ ಎಲುಬು, ನಿದ್ದೆ, ಮೆದುಳು ಇವೆಲ್ಲ ಬೇರೆ ಬೇರೆ ವೇಗದಲ್ಲಿ ಬದಲಾಗುತ್ತವೆ. ಮನೆಯವರ ಗಾಬರಿಗೂ ಮಕ್ಕಳ ಸಿಡುಕಿಗೂ ಬಹುಪಾಲು ಕಾರಣ ಈ ಹೊಂದಾಣಿಕೆಯಿಲ್ಲದ ವೇಗವೇ.

ಬದಲಾವಣೆಯ ಮೊದಲ ಸೂಚನೆ ಹೊರಡುವುದು ಮೆದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್‌ನಿಂದ. ಅದು ಬಿಟ್ಟು ಬಿಟ್ಟು ಸ್ರವಿಸುವ ಹಾರ್ಮೋನು, ಅಂದರೆ ರಕ್ತದ ಮೂಲಕ ಸಂದೇಶ ಸಾಗಿಸುವ ರಾಸಾಯನಿಕ, ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಪಿಟ್ಯುಟರಿಯು ಹುಡುಗಿಯರಲ್ಲಿ ಅಂಡಾಶಯವನ್ನೂ ಹುಡುಗರಲ್ಲಿ ವೃಷಣವನ್ನೂ ಕೆಲಸಕ್ಕೆ ಹಚ್ಚುತ್ತದೆ. ಆರಂಭದ ದಿನಗಳಲ್ಲಿ ಈ ಸಂದೇಶಗಳು ಹೆಚ್ಚಾಗಿ ಹರಿಯುವುದು ನಿದ್ದೆಯಲ್ಲಿ, ಬೆಳವಣಿಗೆಯ ಹಾರ್ಮೋನು ಹೇರಳವಾಗಿ ಸ್ರವಿಸುವುದೂ ಗಾಢ ನಿದ್ದೆಯಲ್ಲಿ.

ಸಾಮಾನ್ಯವಾಗಿ ಹುಡುಗಿಯರಲ್ಲಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಇದು ಶುರುವಾಗುತ್ತದೆ. ಮೊದಲು ಬೆಳೆಯುವುದು ಪಾದ ಮತ್ತು ಕೈಗಳು, ಆಮೇಲೆ ಕಾಲುಗಳು, ಕೊನೆಗೆ ಮುಂಡ; ಜೂನ್‌ನಲ್ಲಿ ಕೊಂಡ ಶೂ ದಸರಾ ರಜೆಯ ಹೊತ್ತಿಗೆ ಬಿಗಿಯಾಗುವುದಕ್ಕೂ, ಉದ್ದ ಕೈಕಾಲಿನ ಹುಡುಗ ನಡೆಯುವಾಗ ಎಡವುವುದಕ್ಕೂ ಕಾರಣ ಇದೇ. ಹುಡುಗಿಯರು ಸುಮಾರು 12ರಲ್ಲಿ ವರ್ಷಕ್ಕೆ 8 ಸೆಂಟಿಮೀಟರಿನಷ್ಟು ಎತ್ತರವಾದರೆ, ಹುಡುಗರು ಎರಡು ವರ್ಷ ತಡವಾಗಿ, ಆದರೆ ಇನ್ನೂ ಹೆಚ್ಚಿನ ವೇಗದಲ್ಲಿ ಬೆಳೆಯುತ್ತಾರೆ. ಬ್ರಿಟನ್ನಿನ ವೈದ್ಯ ಜೇಮ್ಸ್ ಟ್ಯಾನರ್ ಈ ಪಯಣವನ್ನು 5 ಹಂತಗಳಾಗಿ ವಿಂಗಡಿಸಿದ್ದು, ಮಕ್ಕಳ ವೈದ್ಯರು ಇಂದಿಗೂ ವಯಸ್ಸಿನ ಜೊತೆಗೆ ಆ ಹಂತವನ್ನೂ ನೋಡಿಯೇ ಬೆಳವಣಿಗೆ ಸರಿಯಿದೆಯೇ ಎಂದು ನಿರ್ಧರಿಸುತ್ತಾರೆ.

ಹುಡುಗಿ ಮೈನೆರೆಯುವುದು ಈ ಪಯಣದ ಆರಂಭವಲ್ಲ. ಎದೆಯ ಬೆಳವಣಿಗೆ ತೊಡಗಿದ ಸುಮಾರು ಎರಡು ಎರಡೂವರೆ ವರ್ಷದ ನಂತರ ಅದು ಬರುತ್ತದೆ, ಆ ಹೊತ್ತಿಗೆ ಎತ್ತರದ ಬೆಳವಣಿಗೆ ನಿಧಾನವಾಗತೊಡಗಿರುತ್ತದೆ. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಸೋದರಮಾವ ಸೊಪ್ಪಿನ ಗುಡ್ಲು ಹಾಕಿ, ಆರತಿ ಬೆಳಗಿ, ಎಳ್ಳು ಬೆಲ್ಲದ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸುವ ಪದ್ಧತಿಯಲ್ಲಿ ಹುಡುಗಿಯನ್ನು ದೂರ ಕೂರಿಸುವ ಭಾಗ ಬಿಡಬೇಕಾದದ್ದೇ ಹೊರತು ತಿನ್ನಿಸುವ ಭಾಗವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಇದರ ಸಲುವಾಗಿಯೇ. ಸಮೀಕ್ಷೆ ಹುಡುಗರನ್ನೂ ಬಿಟ್ಟಿಲ್ಲ, ಅವರಲ್ಲಿ ಶೇ. 31ರಷ್ಟು ಮಂದಿಗೆ ರಕ್ತ ಕಡಿಮೆ. ಗಂಟಲು ಒಡೆದ ಹುಡುಗನಿಗೆ ಚಿಗಳಿಯೂ ಇಲ್ಲ, ಆರತಿಯೂ ಇಲ್ಲ, ವಿಷಯ ತಿಳಿಸಿ ಹೇಳುವವರಂತೂ ಮೊದಲೇ ಇಲ್ಲ.

ಇನ್ನು ನಿದ್ದೆ. ಕತ್ತಲಾದ ಮೇಲೆ ಮೆದುಳಿನಲ್ಲಿ ಏರಿ ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ಒಂದೆರಡು ಗಂಟೆ ತಡವಾಗಿ ಏರುವುದರಿಂದ, ಹದಿನೈದರ ಹುಡುಗನಿಗೆ ರಾತ್ರಿ ಹನ್ನೊಂದಕ್ಕೂ ಕಣ್ಣು ಕೂರುವುದಿಲ್ಲ. ಕೈಯಲ್ಲಿನ ಮೊಬೈಲಿನ ಬೆಳಕು ಅದನ್ನು ಇನ್ನಷ್ಟು ಮುಂದೂಡುತ್ತದೆ. ಅವನಿಗೆ ಬೇಕಾದ ನಿದ್ದೆ 8ರಿಂದ 10 ಗಂಟೆ. 2023ರಲ್ಲಿ ಬೆಂಗಳೂರಿನ ವಾಹನ ದಟ್ಟಣೆ ತಗ್ಗಿಸಲು ಶಾಲೆಗಳ ವೇಳೆ ಬದಲಿಸುವ ಸಲಹೆ ಹೈಕೋರ್ಟಿನಿಂದ ಬಂದಾಗ, ಶಿಕ್ಷಣ ಇಲಾಖೆ ಶಾಲೆಗಳೊಂದಿಗೆ ಸಭೆ ನಡೆಸಿತು. ಆಗ ಚರ್ಚೆಯಾದದ್ದು ಶಾಲೆಯನ್ನು ಇನ್ನೂ ಬೇಗ ಆರಂಭಿಸುವ ಮಾತು. ಶಾಲೆಗಳೂ ಪೋಷಕರೂ ವಿರೋಧಿಸಿದರು. ರಸ್ತೆಯ ಲೆಕ್ಕದಲ್ಲಿ ಸರಿಯೆನಿಸಿದ ಆ ಯೋಚನೆ ಹದಿಹರೆಯದ ದೇಹದ ಲೆಕ್ಕಕ್ಕೆ ನೇರ ವಿರುದ್ಧವಾಗಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾ ಇದೇ ದೇಹಧರ್ಮವನ್ನು ಮನ್ನಿಸಿ, ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕೆ ಮೊದಲು ಶುರುವಾಗಬಾರದೆಂಬ ಕಾನೂನನ್ನು 2022ರಿಂದ ಜಾರಿಗೊಳಿಸಿದೆ.

ಎಲ್ಲಕ್ಕಿಂತ ತಡವಾಗಿ ಮಾಗುವುದು ಹಣೆಯ ಹಿಂದಿರುವ ಮೆದುಳಿನ ಭಾಗ. ಮುಂದಾಲೋಚನೆ ಮತ್ತು ಹತೋಟಿ ಅದರ ಕೆಲಸ. ಅದು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಿನವರೆಗೂ ಕಾಲ ಬೇಕು, ಆದರೆ ಖುಷಿ, ರೋಮಾಂಚನಗಳಿಗೆ ಓಗೊಡುವ ಭಾಗಗಳು ಹದಿಮೂರು ಹದಿನಾಲ್ಕರಲ್ಲೇ ಚುರುಕಾಗಿರುತ್ತವೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಒಬ್ಬರೇ ಆಡುವಾಗ ಎಚ್ಚರವಾಗಿದ್ದ ಹದಿಹರೆಯದವರು ಗೆಳೆಯರು ಪಕ್ಕದಲ್ಲಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು, ದೊಡ್ಡವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ವೀಲಿ ಮಾಡುವ ಹುಡುಗನಿಗೆ ಅಪಾಯ ಗೊತ್ತಿಲ್ಲವೆಂದಲ್ಲ. ಗೆಳೆಯನ ಕೂಗು ಆ ಕ್ಷಣದಲ್ಲಿ ಅಪಾಯಕ್ಕಿಂತ ದೊಡ್ಡದಾಗಿ ಕೇಳಿಸುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಅಪ್ರಾಪ್ತರು ವಾಹನದಿಂದ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡವಿದೆ. ಆ ಹುಡುಗನಿಗಂತೂ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಮೆದುಳು ಕೇಳುವ ವಾಯಿದೆಯೂ ಹೆಚ್ಚುಕಡಿಮೆ ಅಷ್ಟೇ.