‘ಯಾವ ಮನೆಯವರು?’ ಎಂದು ಕೇಳುವ ಗಣಿತ

ಮುಂಬಯಿಯ ಯಾವುದೇ ಮದುವೆ ಹಾಲ್‌ಗೆ ಹೋಗಿ. ನಮ್ಮವರು ಎಂದು ತಿಳಿದ ಕೂಡಲೇ ಹಿರಿಯರು ಕೇಳುವ ಮೊದಲ ಪ್ರಶ್ನೆ ‘ಊರಲ್ಲಿ ಎಲ್ಲಿ?’. ಎರಡನೆಯದು ‘ಯಾವ ಮನೆಯವರು?’. ಡೊಂಬಿವಲಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದವರು ಹೊರಗಿನವರಾಗಿಯೇ ಉಳಿಯಬಹುದು. ವಿರಾರ್‌ನಲ್ಲಿರುವ, ಹಿಂದೆಂದೂ ಕಂಡಿರದ ಒಬ್ಬರ ಮುತ್ತಜ್ಜನೂ ನಮ್ಮ ಮುತ್ತಜ್ಜನೂ ಒಬ್ಬರೇ ಎಂದು ತಿಳಿದರೆ ಸಾಕು, ಅವರು ಹತ್ತಿರದವರಾಗಿಬಿಡುತ್ತಾರೆ. ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯುವುದು ಒಂದು ಕ್ರಮವಾದರೆ, ಎಷ್ಟು ತಲೆಮಾರು ಹಿಂದಕ್ಕೆ ಹೋದರೆ ಮೂಲ ಒಂದಾಗುತ್ತದೆ ಎಂದು ಅಳೆಯುವುದು ಇನ್ನೊಂದು ಕ್ರಮ.

ಈ ಎರಡನೆಯ ಅಳತೆಗೆ ಒಂದು ವಿಚಿತ್ರ ಗುಣವಿದೆ. ಅಣ್ಣ, ತಮ್ಮ ಮತ್ತು ಅವರ ದೊಡ್ಡಪ್ಪನ ಮಗ ಈ ಮೂವರನ್ನು ತೆಗೆದುಕೊಳ್ಳಿ. ಅಣ್ಣ ತಮ್ಮಂದಿರ ನಡುವಿನ ದೂರ ಒಂದು ತಲೆಮಾರು. ದೊಡ್ಡಪ್ಪನ ಮಗ ಇಬ್ಬರಿಂದಲೂ ಸರಿಯಾಗಿ ಎರಡು ತಲೆಮಾರು ದೂರ. ಒಂದೇ ತಲೆಮಾರಿನ ಯಾವ ಮೂವರನ್ನು ಆರಿಸಿದರೂ ಅತಿ ದೊಡ್ಡ ದೂರ ಎರಡು ಸಲ ಬಂದೇ ಬರುತ್ತದೆ. ಅಳಿಯಕಟ್ಟಿನ ಕುಟುಂಬಗಳವರು ತಾಯಿಯ ಕಡೆಯಿಂದ ಎಣಿಸಿದರೂ ನಿಯಮ ಇದೇ.

ಸಂಖ್ಯೆಗಳಿಗೂ ಇಂಥ ವಂಶವೃಕ್ಷವನ್ನು ಬರೆಯಬಹುದು ಎಂದು ತೋರಿಸಿದವರು ಜರ್ಮನಿಯ ಕುರ್ಟ್ ಹೆನ್ಸೆಲ್, 1897ರಲ್ಲಿ. ಐದು ಎಂಬ ಅವಿಭಾಜ್ಯ ಸಂಖ್ಯೆಯನ್ನು ಆರಿಸಿಕೊಳ್ಳೋಣ. ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಐದರಿಂದ ಹೆಚ್ಚು ಹೆಚ್ಚು ಬಾರಿ ಭಾಗಿಸಲು ಬಂದಷ್ಟೂ ಅವು ಹತ್ತಿರದ ಸಂಬಂಧಿಗಳು. ಮೂರು ಮತ್ತು ನಾಲ್ಕರ ವ್ಯತ್ಯಾಸ 1, ಅದನ್ನು ಐದರಿಂದ ಭಾಗಿಸಲಾಗದು. ಆದ್ದರಿಂದ ಅವುಗಳ ದೂರ 1. ಮೂರು ಮತ್ತು 128ರ ವ್ಯತ್ಯಾಸ 125, ಅಂದರೆ ಐದನ್ನು ಮೂರು ಬಾರಿ ಗುಣಿಸಿದ್ದು. ಅವುಗಳ ದೂರ ಕೇವಲ 1/125. ನೆರೆಮನೆಯ ನಾಲ್ಕಕ್ಕಿಂತ ದೂರದ 128 ಮೂರಕ್ಕೆ ಹತ್ತಿರ! ಹೀಗೆ ಸೊನ್ನೆಯಿಂದ ಇರುವ ದೂರವನ್ನೇ ಸಂಖ್ಯೆಯ ಗಾತ್ರವೆಂದು ಅಳೆಯುವ ವ್ಯವಸ್ಥೆಗಳಿಗೆ ಗಣಿತಜ್ಞರು ವ್ಯಾಲ್ಯೂಡ್ ಫೀಲ್ಡ್ ಎನ್ನುತ್ತಾರೆ. ಹೆನ್ಸೆಲ್‌ನ ಸಂಖ್ಯೆಗಳಿಗೆ ಪಿ-ಆಡಿಕ್ ಸಂಖ್ಯೆಗಳೆಂದು ಹೆಸರು.

ತಪ್ಪುತ್ತಾ ಸರಿಯಾಗುವ ಉತ್ತರ

ಯಾವ ಸಂಖ್ಯೆಯ ವರ್ಗಕ್ಕೆ 1 ಕೂಡಿಸಿದರೆ ಸೊನ್ನೆಯಾಗುತ್ತದೆ? ಶಾಲೆಯಲ್ಲಿ ನಾವು ಕಲಿತ ಉತ್ತರ, ಅಂಥ ಸಂಖ್ಯೆ ಇಲ್ಲ ಎಂಬುದು. ಐದರ ವಂಶವೃಕ್ಷದಲ್ಲಿ ಹುಡುಕೋಣ. 2ರ ವರ್ಗಕ್ಕೆ 1 ಕೂಡಿಸಿದರೆ 5. ಉತ್ತರ ತಪ್ಪು, ಆದರೆ ಸೊನ್ನೆಯಿಂದ ದೂರ 1/5 ಮಾತ್ರ. 7ರ ವರ್ಗಕ್ಕೆ 1 ಕೂಡಿಸಿದರೆ 50, ದೂರ 1/25. 57ನ್ನು ತೆಗೆದುಕೊಂಡರೆ 3250, ದೂರ 1/125. 182ಕ್ಕೆ ಬಂದಾಗ 33125, ದೂರ 1/625. ಪ್ರತಿ ಹೆಜ್ಜೆಯಲ್ಲೂ ಹಿಂದಿನ ತಪ್ಪನ್ನು ಸ್ವಲ್ಪ ತಿದ್ದಿದರೆ ಸಾಕು, ಸರಣಿ ಮುಂದುವರಿಯುತ್ತದೆ. ಅದರ ಕೊನೆಯ ಗುರಿಯಾಗಿ ನಿಜವಾದ ಉತ್ತರವೊಂದು ಪಿ-ಆಡಿಕ್ ಸಂಖ್ಯೆಗಳಲ್ಲಿ ಇದ್ದೇ ಇದೆ.

ಕೊಲಾಬಾದ ನಂಟು

ಈ ಗಣಿತಕ್ಕೂ ನಮ್ಮ ಮುಂಬಯಿಗೂ ನಂಟಿದೆ ಎಂಬುದು ಉಲ್ಲೇಖನೀಯ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಚೆನ್ನೈ ಮೂಲದ ಸಿ. ಪಿ. ರಾಮಾನುಜಂ ಅವರು 1963ರಲ್ಲಿ, ತಮ್ಮ 25ನೇ ವಯಸ್ಸಿನಲ್ಲಿ, ಪಿ-ಆಡಿಕ್ ವ್ಯವಸ್ಥೆಗಳಲ್ಲಿ ಸಂಖ್ಯೆಗಳನ್ನು ಒಂದೇ ಘಾತದ ಸಂಖ್ಯೆಗಳ ಮೊತ್ತವಾಗಿ ಬರೆಯುವ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ವರ್ಷದ ಇನ್ನೊಂದು ಪ್ರಬಂಧದಲ್ಲಿ, ಸಾಮಾನ್ಯ ಸಂಖ್ಯೆಗಳನ್ನು ವಿಸ್ತರಿಸಿ ಪಡೆದ ಬೀಜೀಯ ಸಂಖ್ಯಾ ಕ್ಷೇತ್ರಗಳಲ್ಲಿ, 54 ಅಥವಾ ಹೆಚ್ಚು ಚರಾಕ್ಷರಗಳಿರುವ ಮೂರನೇ ಘಾತದ ಸಮೀಕರಣಗಳಿಗೆ ಉತ್ತರವಿದ್ದೇ ಇರುತ್ತದೆ ಎಂದು ಸಾಧಿಸಿದರು. ಈ ಪ್ರತಿಭೆ 1974ರಲ್ಲಿ, 36ರ ಹರೆಯದಲ್ಲೇ, ಬೆಂಗಳೂರಿನಲ್ಲಿ ಕಣ್ಮುಚ್ಚಿತು. 1933ರಲ್ಲಿ ಮಂಡ್ಯದಲ್ಲಿ ಜನಿಸಿದ ನಮ್ಮ ಕೆ. ರಾಮಚಂದ್ರ ಅವರೂ ಸಂಖ್ಯಾಸಿದ್ಧಾಂತದ ಬೇರೊಂದು ಕವಲಿನಲ್ಲಿ ದಶಕಗಳ ಕಾಲ ಇದೇ ಸಂಸ್ಥೆಯಲ್ಲಿ ದುಡಿದವರು.

ಉತ್ತರವಿದ್ದೇ ಇರಬೇಕಾದರೆ ಎಷ್ಟು ಚರಾಕ್ಷರಗಳು ಬೇಕು? ಪಿ-ಆಡಿಕ್ ಸಂಖ್ಯೆಗಳ ಮಟ್ಟಿಗೆ ಈ ಪ್ರಶ್ನೆಯೇ ಆಗ ಜಗತ್ತಿನ ಗಣಿತಜ್ಞರನ್ನು ಕಾಡುತ್ತಿತ್ತು. ಎಮಿಲ್ ಆರ್ಟಿನ್ ಎಂಬ ಮಹಾನ್ ಗಣಿತಜ್ಞರ ಊಹೆ ಹೀಗಿತ್ತು: ಎಲ್ಲ ಪದಗಳ ಘಾತವೂ ಒಂದೇ ಆಗಿರುವ ಸಮೀಕರಣದಲ್ಲಿ ಚರಾಕ್ಷರಗಳ ಸಂಖ್ಯೆ ಆ ಘಾತದ ವರ್ಗಕ್ಕಿಂತ ಹೆಚ್ಚಿದ್ದರೆ, ‘ಎಲ್ಲವೂ ಸೊನ್ನೆ’ ಎಂಬ ಸುಲಭದ ಉತ್ತರವನ್ನು ಬಿಟ್ಟು ಬೇರೊಂದು ಉತ್ತರ ಇರಲೇಬೇಕು. ಎರಡನೇ ಘಾತಕ್ಕೆ ಐದು ಚರಾಕ್ಷರ ಸಾಕು, ಮೂರನೆಯದಕ್ಕೆ ಹತ್ತು. ಈ ಎರಡು ಸಂದರ್ಭಗಳಲ್ಲಿ ಊಹೆ ಸರಿಯೆಂದು 1950ರ ದಶಕದ ಹೊತ್ತಿಗೆ ಸಾಬೀತಾಗಿತ್ತು. ನಾಲ್ಕನೇ ಘಾತದ ಬಳಿ ದಾರಿ ಕಟ್ಟಿಹೋಯಿತು.

ದಾರಿ ತೆರೆದವರು ತರ್ಕಶಾಸ್ತ್ರಜ್ಞರು. ಒಂದು ಗಣಿತ ವ್ಯವಸ್ಥೆಯ ಬಗ್ಗೆ ತರ್ಕದ ಭಾಷೆಯಲ್ಲಿ ಯಾವ ಯಾವ ವಾಕ್ಯಗಳು ನಿಜವಾಗುತ್ತವೆ ಎಂದು ಪರಿಶೀಲಿಸುವ ಶಾಖೆಗೆ ಮಾಡೆಲ್ ಥಿಯರಿ ಎಂದು ಹೆಸರು. ಅಮೆರಿಕದ ಜೇಮ್ಸ್ ಆಕ್ಸ್ ಮತ್ತು ಸೈಮನ್ ಕೋಚೆನ್ 1965ರಲ್ಲಿ, ಅವರಿಂದ ಸ್ವತಂತ್ರವಾಗಿ ರಷ್ಯಾದ ಯೂರಿ ಎರ್ಶೋವ್, ಎಲ್ಲ ಅವಿಭಾಜ್ಯ ಸಂಖ್ಯೆಗಳ ವ್ಯವಸ್ಥೆಗಳನ್ನೂ ಒಂದೇ ಮಹಾಸಭೆಯಲ್ಲಿ ಕೂರಿಸಿದಂತೆ ಮಾಡಿದರು. ಸಂಘದ ಸಭೆಯಲ್ಲಿ ಬಹುಮತಕ್ಕೆ ಬಂದದ್ದು ನಿರ್ಣಯವಾಗುವಂತೆ, ಇಲ್ಲಿಯೂ ಬೆರಳೆಣಿಕೆಯ ಸದಸ್ಯರ ವಿರೋಧ ಲೆಕ್ಕಕ್ಕಿಲ್ಲ. ಇಂಥ ಸಭೆಯ ದೃಷ್ಟಿಯಲ್ಲಿ ಪಿ-ಆಡಿಕ್ ಸಂಖ್ಯೆಗಳಿಗೂ, ಊಹೆ ಸರಿಯೆಂದು ಸರ್ಜ್ ಲ್ಯಾಂಗ್ 1952ರಲ್ಲೇ ತೋರಿಸಿದ್ದ ಇನ್ನೊಂದು ವ್ಯವಸ್ಥೆಗೂ ವ್ಯತ್ಯಾಸವೇ ಇರಲಿಲ್ಲ. ಫಲವಾಗಿ, ಪ್ರತಿಯೊಂದು ಘಾತಕ್ಕೂ ಕೆಲವೇ ಕೆಲವು ಅವಿಭಾಜ್ಯಗಳನ್ನು ಬಿಟ್ಟು ಉಳಿದೆಲ್ಲವುಗಳಿಗೆ ಆರ್ಟಿನ್ ಊಹೆ ಸರಿ ಎಂದು ಸಿದ್ಧವಾಯಿತು. ಆಕ್ಸ್, ಕೋಚೆನ್ ಇಬ್ಬರಿಗೂ 1967ರ ಕೋಲ್ ಪ್ರಶಸ್ತಿ ಬಂತು. (ಶೇರು ಪೇಟೆಯ ಬಂಧುಗಳಿಗೆ ಒಂದು ಮಾತು: ಇದೇ ಆಕ್ಸ್ ಮುಂದೆ ಜಿಮ್ ಸೈಮನ್ಸ್ ಜೊತೆಗೂಡಿ 1988ರಲ್ಲಿ ಆರಂಭವಾದ ಪ್ರಸಿದ್ಧ ಮೆಡಾಲಿಯನ್ ಫಂಡ್‌ಗೆ ಬುನಾದಿ ಹಾಕಿದವರಲ್ಲಿ ಒಬ್ಬರು.)

ಬಿಟ್ಟ ಆ ‘ಕೆಲವೇ ಕೆಲವು’ ಅನಗತ್ಯ ಎಚ್ಚರಿಕೆಯೇ? 1966ರಲ್ಲಿ ಗಿ ತೆರ್ಜಾನಿಯನ್ ಎಂಬವರು ಎರಡು ಎಂಬ ಅವಿಭಾಜ್ಯಕ್ಕೆ, ನಾಲ್ಕನೇ ಘಾತದ, 18 ಚರಾಕ್ಷರಗಳ ಸಮೀಕರಣವೊಂದನ್ನು ಮುಂದಿಟ್ಟರು. ನಾಲ್ಕರ ವರ್ಗ 16, ಊಹೆಯ ಪ್ರಕಾರ ಉತ್ತರ ಇರಬೇಕಿತ್ತು. ಇರಲಿಲ್ಲ. ಹೌದು-ಅಲ್ಲ ಎಂಬ ಎರಡೇ ಕಲಮುಗಳ ಲೆಕ್ಕದಲ್ಲಿ ಆರ್ಟಿನ್ ಊಹೆ ‘ತಪ್ಪು’ ಎಂಬ ಕಲಮಿಗೆ ಸೇರಿತು.

ಎಷ್ಟು ನಿಜ?

ಎರಡೇ ಕಲಮುಗಳು ಸಾಲವು ಎಂಬ ಯೋಚನೆ ತರ್ಕಶಾಸ್ತ್ರದ ಒಳಗೂ ಇತ್ತು. ಚಾಂಗ್ ಮತ್ತು ಕೀಸ್ಲರ್ ಎಂಬ ವಿದ್ವಾಂಸರು 1966ರಲ್ಲೇ ಕಂಟಿನ್ಯುವಸ್ ಲಾಜಿಕ್, ಅಂದರೆ ನಿರಂತರ ತರ್ಕದ ಬಗ್ಗೆ ಪುಸ್ತಕ ಬರೆದಿದ್ದರು. ಅದನ್ನು ಇಂದಿನ ರೂಪಕ್ಕೆ ತಂದು, ದೂರದ ಅಳತೆಯಿರುವ ವ್ಯವಸ್ಥೆಗಳಿಗೆ ಹೊಂದಿಸಿದ ಕೀರ್ತಿ ಇಟಾಯ್ ಬೆನ್ ಯಾಕೊವ್, ಬೆರೆನ್‌ಸ್ಟೈನ್, ಹೆನ್ಸನ್, ಉಸ್ವಿಯಾತ್ಸೊವ್ ಅವರ ತಂಡಕ್ಕೆ ಸಲ್ಲುತ್ತದೆ. ಇಲ್ಲಿ ಒಂದು ವಾಕ್ಯದ ಬೆಲೆ 0ಯಿಂದ 1ರ ವರೆಗಿನ ಯಾವುದೇ ಸಂಖ್ಯೆಯಾಗಬಹುದು. 0 ಎಂದರೆ ಪೂರ್ಣ ನಿಜ. ಬೆಲೆ ಏರಿದಷ್ಟೂ ನಿಜದಿಂದ ದೂರ. ಮೇಲಿನ ಸರಣಿಯನ್ನು ಹಳೆಯ ತರ್ಕದ ಮುಂದಿಟ್ಟರೆ 2, 7, 57, 182 ನಾಲ್ಕೂ ತಪ್ಪು, ನಾಲ್ಕಕ್ಕೂ ಒಂದೇ ಕೆಂಪು ಗೆರೆ. ನಿರಂತರ ತರ್ಕ 1/5, 1/25, 1/125, 1/625 ಎಂದು ಅಂಕ ಕೊಡುತ್ತದೆ. ‘ಉತ್ತರ ಇದೆಯೇ?’ ಎಂಬ ಪ್ರಶ್ನೆ ‘ಎಷ್ಟು ಹತ್ತಿರ ಹೋಗಬಹುದು?’ ಎಂದಾಗುತ್ತದೆ.

ಇದನ್ನು ವ್ಯಾಲ್ಯೂಡ್ ಫೀಲ್ಡ್‌ಗಳಿಗೆ ಅನ್ವಯಿಸಿ ಬೆನ್ ಯಾಕೊವ್ 2014ರಲ್ಲಿ ಪ್ರಬಂಧ ಪ್ರಕಟಿಸಿದರು. ಮೊದಲ ತೊಡಕು, ಸಂಖ್ಯೆಗಳ ಗಾತ್ರಕ್ಕೆ ಮೇಲ್ಮಿತಿ ಇಲ್ಲ, ತರ್ಕದ ಬೆಲೆಗಳಾದರೋ 1ನ್ನು ದಾಟುವಂತಿಲ್ಲ. ಅದಕ್ಕಾಗಿ ಅವರು ಅನಂತ ಎಂಬ ಬಿಂದುವನ್ನೂ ಒಳಗೊಂಡ ಪ್ರಕ್ಷೇಪ ರೇಖೆಯನ್ನು ಆರಿಸಿಕೊಂಡರು. ದಿಗಂತದ ವರೆಗಿನ ಹೊಲವೆಲ್ಲ ಒಂದು ಚಿತ್ರದ ಚೌಕಟ್ಟಿಗೆ ಬರುವಂತೆ ಅಲ್ಲಿ ಎಲ್ಲವೂ ಮಿತಿಯೊಳಗೆ ಬರುತ್ತದೆ.

ಫಲಿತಾಂಶ ಮಾತ್ರ ಗಮನಾರ್ಹ. ಎಲ್ಲ ಬಹುಪದ ಸಮೀಕರಣಗಳಿಗೂ ಉತ್ತರವಿರುವ ವ್ಯಾಲ್ಯೂಡ್ ಫೀಲ್ಡ್‌ಗಳು ಹಳೆಯ ತರ್ಕದಲ್ಲಿ ‘ಅಸ್ಥಿರ’ ಎನಿಸಿಕೊಂಡಿದ್ದವು. ‘ಇದರ ಗಾತ್ರ ಅದಕ್ಕಿಂತ ಚಿಕ್ಕದೇ?’ ಎಂದು ಕೇಳಿ, ಹೌದು-ಅಲ್ಲ ಉತ್ತರ ಪಡೆದು, ಅಲ್ಲಿನ ಸಂಖ್ಯೆಗಳನ್ನು ಮುಗಿಯದ ಕ್ಯೂನಲ್ಲಿ ನಿಲ್ಲಿಸಬಹುದು. ಇಂಥ ಕ್ಯೂ ಇರುವೆಡೆ ಸುವ್ಯವಸ್ಥೆ ತರುವುದು ಕಷ್ಟ. ನಿರಂತರ ತರ್ಕ ಕ್ಯೂನಲ್ಲಿರುವವರ ನಡುವೆ ನಿಗದಿತ ಅಂತರ ಇರಬೇಕು ಎನ್ನುತ್ತದೆ. ವಿರಾರ್ ಲೋಕಲ್‌ನ ಡಬ್ಬಿಯನ್ನು ನೆನೆಯಿರಿ. ಡಬ್ಬಿಯ ಉದ್ದಕ್ಕೆ ಮಿತಿಯಿದೆ, ಜನರಿಗೆ ಮಿತಿಯಿಲ್ಲ, ಕೆಲವರಾದರೂ ಮೈಗೆ ಮೈ ತಾಗಿ ನಿಲ್ಲಲೇಬೇಕು. 0 ಮತ್ತು 1ರ ನಡುವೆ ಅನಂತ ಗಾತ್ರಗಳನ್ನು ಸಮಾನ ಅಂತರದಲ್ಲಿ ನಿಲ್ಲಿಸಲಾಗದು. ಹೀಗೆ ಗಾತ್ರದ ಕ್ಯೂ ಕರಗಿಹೋಗುತ್ತದೆ. ಉಳಿದ ಕಠಿನ ವಾದವನ್ನೂ ಪೂರೈಸಿ ಬೆನ್ ಯಾಕೊವ್, ಅದೇ ಫೀಲ್ಡ್‌ಗಳು ಹೊಸ ತರ್ಕದಲ್ಲಿ ‘ಸ್ಥಿರ’ ಎಂದು ಸಾಧಿಸಿದರು. ಫೀಲ್ಡ್ ಬದಲಾಗಲಿಲ್ಲ, ಬದಲಾದದ್ದು ಕೇಳುವ ರೀತಿ. ಅದಕ್ಕೆ ತೆತ್ತ ಬೆಲೆಯೂ ಇದೆ: ‘ಚಿಕ್ಕದೇ, ಅಲ್ಲವೇ?’ ಎಂಬ ಖಡಾಖಂಡಿತ ಪ್ರಶ್ನೆಯನ್ನು ಸಾಮಾನ್ಯವಾಗಿ ಇಲ್ಲಿ ಕೇಳುವಂತಿಲ್ಲ.

ಇದರಿಂದ ಏನು ಉಪಯೋಗ ಎಂದು ಕೇಳುವವರಿದ್ದಾರೆ. ಮಕ್ಕಳು ಸಿ.ಎ., ಇಂಜಿನಿಯರಿಂಗ್ ಬಿಟ್ಟು ಶುದ್ಧ ಗಣಿತ ಓದುತ್ತೇವೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಮೌನ ಆವರಿಸುತ್ತದೆ. ಆರ್ಟಿನ್ ಊಹೆ ತಪ್ಪಾಯಿತು, ಆದರೆ ಅದು ಎಷ್ಟು ತಪ್ಪು ಎಂದು ಹುಡುಕಿದವರು ಹೊಸದೊಂದು ಶಾಸ್ತ್ರದ ಬಾಗಿಲನ್ನೇ ತೆರೆದರು ಎಂಬುದನ್ನು ಅಂಥ ತಂದೆತಾಯಂದಿರು ಗಮನಿಸಬೇಕು. ಕೊಲಾಬಾದ ಆ ಸಂಸ್ಥೆ ನಮ್ಮ ಮನೆಗಳಿಂದ ಒಂದು ಲೋಕಲ್, ಒಂದು ಬಸ್ಸಿನ ದೂರದಲ್ಲಿದೆ.

ಮನೆಯ ಮಕ್ಕಳಿಗೆ ಒಂದು ಲೆಕ್ಕ: ಈಗ ಏಳರ ವಂಶವೃಕ್ಷದಲ್ಲಿ ಎರಡರ ವರ್ಗಮೂಲ ಹುಡುಕಿ. 3ರ ವರ್ಗದಿಂದ 2 ಕಳೆದರೆ 7. 10ರ ವರ್ಗದಿಂದ 2 ಕಳೆದರೆ 98, ಅಂದರೆ 49ರ ಎರಡು ಪಟ್ಟು. ಮೂರನೇ ಹೆಜ್ಜೆಗೆ 108. ಅದರ ವರ್ಗದಿಂದ 2 ಕಳೆದದ್ದು 343ರ ಎಷ್ಟು ಪಟ್ಟು ಎಂದು ನೋಡಿ, ನಾಲ್ಕನೆಯ ಹೆಜ್ಜೆಯನ್ನು ತಾವೇ ಇಡಲಿ. ಒಂದೆರಡು ಉತ್ತರ ತಪ್ಪಿದರೆ ಬೈಯಬೇಡಿ, ಎಷ್ಟು ತಪ್ಪಿತು ಎಂದು ಕೇಳಿ.