ಎಂಜಿನ್ನಿಗೆ ದಮ್ಮು ಇದೆಯೇ?

ಬನಹಟ್ಟಿಯ ಓದುಗರೊಬ್ಬರು ಸಾಂಗ್ಲಿ ಕಡೆಯಿಂದ ಟರ್ಬೊ ಪೆಟ್ರೋಲ್ ಎಂಜಿನ್ನಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದಿದ್ದಾರೆ. ನಂಬರು ಇನ್ನೂ ಎಂಎಚ್ 10. ಅದು ಜಮಖಂಡಿಯ ಕೆಎ 48 ಆಗಬೇಕಾದರೆ ಎನ್‌ಒಸಿ, ತೆರಿಗೆ ಎಲ್ಲ ಮುಗಿಯಬೇಕು; ಅವರ ಚಿಂತೆ ಅದಲ್ಲ. ‘ಇನ್ನೂರು ಅಂಶದ ತಪಾಸಣಿ ಪಾಸಾಗೇತಿ ಅಂತ ರಿಪೋರ್ಟ್ ಕೊಟ್ಟಾರ್ರಿ. ಮೀಟರ್‌ನಾಗ ನಲವತ್ತು ಸಾವಿರ ಕಿಲೋಮೀಟರ್ ಐತಿ. ಇನ್ನ ನಾ ಏನ್ ನೋಡಬೇಕು?’ ಎಂದು ಕೇಳಿದ್ದಾರೆ.

ಇಂಥ ಪಟ್ಟಿಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ವೈಪರ್ ರಬ್ಬರಿಗೂ ಒಂದು ಟಿಕ್ಕು, ಗೇರ್‌ಬಾಕ್ಸಿಗೂ ಒಂದೇ ಟಿಕ್ಕು. ಇನ್ನೂರರಲ್ಲಿ ನೂರಾ ತೊಂಬತ್ತೊಂಬತ್ತು ಸರಿಯಿದ್ದು ಉಳಿದ ಒಂದು ಪಿಸ್ಟನ್ ರಿಂಗ್ ಆದರೆ ಕಾರಿನ ಅರ್ಧ ಬೆಲೆ ಗ್ಯಾರೇಜಿಗೆ ಹೋಗುತ್ತದೆ. ಇನ್ನು ಕಿಲೋಮೀಟರಿನ ಮಾತು. ಈಗಿನ ಕಾರುಗಳಲ್ಲಿ ಆ ಸಂಖ್ಯೆ ಕುಳಿತಿರುವುದು ಒಂದು ಮೆಮೊರಿ ಚಿಪ್ಪಿನಲ್ಲಿ. ಲ್ಯಾಪ್‌ಟಾಪ್ ಇದ್ದವರು ಅದನ್ನು ತಿದ್ದಬಲ್ಲರು. ಸಿಲಿಂಡರಿನ ಒಳಗಿನ ಸವೆತವನ್ನು ಲ್ಯಾಪ್‌ಟಾಪಿನಿಂದ ತಿದ್ದಲಾಗುವುದಿಲ್ಲ. ಹಾಗಾಗಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒಂದು ಪ್ರೆಶರ್ ಗೇಜ್ ಕೂರಿಸಿ, ಎಂಜಿನ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ನೋಡುವುದೇ ನಾನು ಹೇಳುವ ಮೊದಲ ಕೆಲಸ.

ಕೃಷ್ಣೆಯ ದಂಡೆಯ ಹಿರಿಯ ರೈತರಿಗೆ ಈ ಪರೀಕ್ಷೆಯನ್ನು ವಿವರಿಸಬೇಕಾಗಿಲ್ಲ. ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹೊಡೆದವರು ಅವರು. ಡಿಕಂಪ್ರೆಶನ್ ಲಿವರ್ ಎತ್ತಿದರೆ ವಾಲ್ವ್ ತೆರೆದುಕೊಂಡು ಗಾಳಿ ಹೊರಗೆ ಹೋಗುತ್ತದೆ, ಫ್ಲೈವೀಲ್ ಹಗುರಾಗಿ ತಿರುಗುತ್ತದೆ. ವೇಗ ಬಂದ ಮೇಲೆ ಲಿವರ್ ಬೀಳಿಸಿದ ಕೂಡಲೆ ಹ್ಯಾಂಡಲ್ ಕೈಗೆ ಎದುರು ನಿಲ್ಲಬೇಕು. ನಿಲ್ಲದೆ ಮೆತ್ತಗೆ ತಿರುಗಿಬಿಟ್ಟರೆ ‘ದಮ್ಮಿಲ್ಲ, ಕಂಪ್ರೆಶನ್ ಹೋಗೇತಿ’ ಎಂದು ಅಲ್ಲೇ ತೀರ್ಪು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ದಮ್ಮು ಹೋದರೆ ಎಂಜಿನ್ ಹೊತ್ತುವುದೇ ಇಲ್ಲ, ರೋಗ ಆ ದಿನವೇ ಬಯಲು. ಪೆಟ್ರೋಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗಿನ ಆಸರೆ ಇದೆ. ಅರೆಬರೆ ಕಂಪ್ರೆಶನ್ನಿನಲ್ಲೂ ಅದು ಸ್ಟಾರ್ಟ್ ಆಗುತ್ತದೆ, ಊರೊಳಗೆ ಸಲೀಸಾಗಿ ಓಡುತ್ತದೆ, ಮಾರುವವನ ಅಂಗಳದಲ್ಲಿ ಸದ್ದಿಲ್ಲದೆ ನಿಲ್ಲುತ್ತದೆ. ಬೆಲೆ ಹೆಚ್ಚಿನ ಕಾರು ತನ್ನ ರೋಗ ಮುಚ್ಚಿಟ್ಟುಕೊಳ್ಳುವುದು ಹೀಗೆ.

ಈ ಒತ್ತಡವನ್ನು ಹಿಡಿದಿಡುವ ರಿಂಗಿನದೇ ಒಂದು ಸೊಗಸಾದ ಚರಿತ್ರೆ. ಜೇಮ್ಸ್ ವಾಟ್ ಉಗಿ ಎಂಜಿನ್ ಕಟ್ಟುವಾಗ ಅವನನ್ನು ಕಾಡಿದ್ದು ಉಗಿಯಲ್ಲ, ಸೋರಿಕೆ. ಸಿಲಿಂಡರ್ ದುಂಡಗಿಲ್ಲದಿದ್ದರೆ ಪಿಸ್ಟನ್ ಪಕ್ಕದಿಂದ ಉಗಿ ನುಸುಳಿ ಹೋಗುತ್ತಿತ್ತು. ಜಾನ್ ವಿಲ್ಕಿನ್‌ಸನ್ ಎಂಬ ಕಬ್ಬಿಣದ ಉದ್ಯಮಿ ತೋಪಿನ ಕೊಳವೆ ಕೊರೆಯಲು ಮಾಡಿದ್ದ ಯಂತ್ರವನ್ನು ಸಿಲಿಂಡರಿಗೆ ಹೊಂದಿಸಿಕೊಂಡ ಮೇಲೆಯೇ, 1775ರ ಸುಮಾರಿಗೆ, ವಾಟ್‌ನ ಎಂಜಿನ್ ಕೆಲಸಕ್ಕೆ ಬಂದದ್ದು. ಆಗಲೂ ಪಿಸ್ಟನ್ ಸುತ್ತ ಸುತ್ತುತ್ತಿದ್ದದ್ದು ಕೊಬ್ಬು ಸವರಿದ ನಾರು. ಅದು ಸವೆಯುತ್ತಿತ್ತು, ಸುಡುತ್ತಿತ್ತು, ಮೇಲಿಂದ ಮೇಲೆ ಬದಲಿಸಬೇಕಾಗುತ್ತಿತ್ತು. ಮುಂದಿನ ಶತಮಾನದ ಐವತ್ತರ ದಶಕದಲ್ಲಿ ಜಾನ್ ರ‍್ಯಾಮ್ಸ್‌ಬಾಟಮ್ ಎಂಬ ಇಂಗ್ಲಿಷ್ ರೈಲ್ವೆ ಎಂಜಿನಿಯರ್ ಒಂದು ಉಪಾಯ ಮಾಡಿದ. ಸಿಲಿಂಡರಿಗಿಂತ ತುಸು ದೊಡ್ಡ ಲೋಹದ ಬಳೆ ಮಾಡಿ, ಒಂದು ಕಡೆ ಸೀಳಿ, ಅದುಮಿ ಪಿಸ್ಟನ್ನಿನ ಸುತ್ತಲಿನ ತೋಡಿನಲ್ಲಿ ಕೂರಿಸಿದ. ಹಿಗ್ಗಬೇಕೆಂಬ ತನ್ನದೇ ಹಟದಿಂದ ಅದು ಗೋಡೆಗೆ ಒತ್ತಿಕೊಂಡಿರುತ್ತದೆ. ಕಾರಿನ ಎಂಜಿನ್ನಿನಲ್ಲಿ ಇಂಧನ ಉರಿದಾಗ ಅನಿಲ ರಿಂಗಿನ ಹಿಂದೆ ನುಗ್ಗಿ ಅದನ್ನು ಇನ್ನೂ ಬಿಗಿಯಾಗಿ ಗೋಡೆಗೆ ತಳ್ಳುತ್ತದೆ. ಸೋರಲು ನೋಡುವ ಅನಿಲವೇ ಸೋರಿಕೆಯನ್ನು ತಡೆಯುತ್ತದೆ! ಇಂದಿನ ಅತ್ಯಂತ ದುಬಾರಿ ಸ್ಪೋರ್ಟ್ಸ್ ಕಾರಿನಲ್ಲೂ ಇರುವುದು ಇದೇ ಯುಕ್ತಿ.

ಗೇಜಿನ ಮುಳ್ಳು ಎಲ್ಲಿ ನಿಲ್ಲಬೇಕು? ಎಂಜಿನ್ನಿನ ಕಂಪ್ರೆಶನ್ ರೇಶಿಯೊ ಹತ್ತಕ್ಕೆ ಒಂದು ಎಂದುಕೊಳ್ಳೋಣ. ಗಾಳಿಯ ಗಾತ್ರ ಹತ್ತನೇ ಒಂದಾದರೆ ಒತ್ತಡ ಹತ್ತುಪಟ್ಟು ಎನ್ನುತ್ತದೆ 1662ರ ಬಾಯ್ಲ್ ನಿಯಮ. ಆದರೆ ಆ ನಿಯಮ ಉಷ್ಣತೆ ಬದಲಾಗದಿದ್ದರೆ ಮಾತ್ರ. ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಂಡಂತೆ ಬಿಸಿಯಾಗುತ್ತದೆ. ಆ ಬಿಸಿಯೆಲ್ಲ ಒಳಗೇ ಉಳಿದರೆ ಒತ್ತಡ ಸುಮಾರು 25 ಪಟ್ಟು ಏರಬೇಕು. ನಿಜದಲ್ಲಿ ಬಿಸಿ ಗೋಡೆಗೆ ಹೋಗುತ್ತದೆ, ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಒಂದಿಷ್ಟು ಸೋರುತ್ತದೆ. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಸ್ಟಾರ್ಟರಿನ ವೇಗದಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 11ರಿಂದ 14 ಕಿಲೊ ತೋರಿಸುತ್ತದೆ. ಅದಕ್ಕಿಂತಲೂ ಮುಖ್ಯ, ನಾಲ್ಕು ಸಿಲಿಂಡರುಗಳೂ ಒಂದೇ ಮಾತು ಹೇಳಬೇಕು. ಮೂರು 12 ಎಂದು ಒಂದು 9 ಎಂದರೆ ಆ ಒಂದರಲ್ಲಿ ಏನೋ ಆಗಿದೆ.

ಅಳೆಯುವ ಮುನ್ನ ಎಂಜಿನ್ ಬಿಸಿಯಿರಲಿ, ಬ್ಯಾಟರಿ ತುಂಬಿರಲಿ, ಫ್ಯುಯೆಲ್ ಪಂಪು ಮತ್ತು ಇಗ್ನಿಶನ್ನಿನ ಫ್ಯೂಸ್ ತೆಗೆದಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಸುರಿದು ಮತ್ತೆ ಅಳೆಯಬೇಕು. ಮುಳ್ಳು ಏರಿದರೆ ದೋಷ ರಿಂಗಿನದು, ಆಯಿಲ್ ಸಂದು ಮುಚ್ಚಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಸಾಂಗ್ಲಿಯಿಂದ ಬಂದ ಕಾರು ಎಂದ ಕೂಡಲೆ ನನ್ನ ಕಿವಿ ನೆಟ್ಟಗಾಗಲು ಇನ್ನೊಂದು ಕಾರಣವಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಒಟ್ಟಿಗೇ ಉಕ್ಕಿ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ದಂಡೆಯ ಊರುಗಳೆಲ್ಲ ನೀರಲ್ಲಿ ನಿಂತವು. ಮೇಲೆ ಸಾಂಗ್ಲಿ, ಕೊಲ್ಹಾಪುರಗಳಲ್ಲಿ ಪೇಟೆಗಳೇ ಮುಳುಗಿದವು. 2021ರ ಜುಲೈಯಲ್ಲಿ ಅಲ್ಲಿ ಮತ್ತೆ ನೆರೆ. ಹಾಗೆ ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ತೊಳೆದು, ಒಣಗಿಸಿ, ಸೆಂಟ್ ಹೊಡೆದು ಮಾರುವವರಿದ್ದಾರೆ.

ನೀರು ಗಾಳಿಯಂತೆ ಒತ್ತಿದರೆ ಕುಗ್ಗುವ ವಸ್ತುವಲ್ಲ. ಅರ್ಧ ಲೀಟರಿನ ಸಿಲಿಂಡರಿನಲ್ಲಿ ಪಿಸ್ಟನ್ ಪೂರ್ತಿ ಮೇಲೇರಿದಾಗ ಉಳಿಯುವ ಜಾಗ ಸುಮಾರು 55 ಮಿಲಿಲೀಟರ್. ಅದಕ್ಕಿಂತ ಹೆಚ್ಚು ನೀರು ಒಳಗೆ ಹೋಗಿದ್ದರೆ ಪಿಸ್ಟನ್ ಮೇಲೇರಲಾರದು, ಆದರೆ ಕ್ರ್ಯಾಂಕ್ ಬಿಡುವುದಿಲ್ಲ. ನಡುವೆ ಸಿಕ್ಕ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪೋರ್ಟ್ಸ್ ಕಾರಿನ ಮೈ ನೆಲಕ್ಕೆ ಹತ್ತಿರ. ಗಾಳಿ ಎಳೆಯುವ ಬಾಯಿ ಎಷ್ಟು ಕೆಳಗಿರುತ್ತದೋ ನೀರು ಅಷ್ಟು ಬೇಗ ಒಳಸೇರುತ್ತದೆ. ತೀರ ಬಾಗಿದರೆ ರಾಡ್ ಮುರಿದು ಬ್ಲಾಕನ್ನೇ ಒಡೆಯುತ್ತದೆ, ಅಂಥ ಕಾರನ್ನು ಯಾರೂ ಕೊಳ್ಳುವುದಿಲ್ಲ. ಮೋಸ ಇರುವುದು ಕೂದಲೆಳೆಯಷ್ಟು ಬಾಗಿದ್ದರಲ್ಲಿ. ರಾಡಿನ ಉದ್ದ ಒಂದು ಮಿಲಿಮೀಟರ್ ಕಡಿಮೆಯಾಯಿತು ಎನ್ನಿ. ಪಿಸ್ಟನ್ 86 ಮಿಲಿಮೀಟರ್ ಓಡಾಡುವ ಎಂಜಿನ್ನಿನಲ್ಲಿ ಅಷ್ಟಕ್ಕೇ ಆ ಸಿಲಿಂಡರಿನ ರೇಶಿಯೊ ಹತ್ತರಿಂದ ಸುಮಾರು 9.1ಕ್ಕೆ ಇಳಿಯುತ್ತದೆ. ಎಂಜಿನ್ ಓಡುತ್ತದೆ, ಹೊಗೆಯಿಲ್ಲ, ಸೋರಿಕೆಯಿಲ್ಲ. ಆಯಿಲ್ ಸುರಿದರೂ ಆ ಸಿಲಿಂಡರ್ ಉಳಿದವುಗಳ ಮಟ್ಟಕ್ಕೆ ಬರುವುದಿಲ್ಲ. ಮುಂದೊಂದು ದಿನ ಹೆದ್ದಾರಿಯಲ್ಲಿ ಆರು ಸಾವಿರ ಆರ್‌ಪಿಎಂನಲ್ಲಿ ಆ ರಾಡ್ ತನ್ನ ಹಳೆಯ ಲೆಕ್ಕ ಚುಕ್ತಾ ಮಾಡುತ್ತದೆ.

ಅನುಮಾನ ಬಂದರೆ ಲೀಕ್ ಟೆಸ್ಟ್ ಮಾಡಿಸಿ. ಇದಕ್ಕೆ ಪಂಕ್ಚರ್ ಅಂಗಡಿಯ ಕಂಪ್ರೆಸರ್, ಸರಿಯಾದ ಅಡಾಪ್ಟರ್ ಮತ್ತು ಒಳ್ಳೆಯ ಕಿವಿ ಸಾಕು. ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನ್ನನ್ನು ಮೇಲೆ ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಗಾಳಿ ಬಿಟ್ಟು ಎಲ್ಲಿ ಉಸ್ಸೆನ್ನುತ್ತದೆ ಕೇಳಬೇಕು. ಸೈಲೆನ್ಸರಿನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರಿನ ಕಡೆ ಬಂದರೆ ಇನ್‌ಟೇಕ್ ವಾಲ್ವ್. ಆಯಿಲ್ ಮುಚ್ಚಳ ತೆಗೆದಾಗ ಬಂದರೆ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಎಲ್ಲೂ ಸೋರದೆ ಒತ್ತಡ ಮಾತ್ರ ಕಡಿಮೆ ಎಂದಾದರೆ ಬಾಗಿದ ರಾಡಿನ ಶಂಕೆ ಗಟ್ಟಿಯಾಗುತ್ತದೆ. ಇಷ್ಟನ್ನು ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಯಾವ ಸ್ಕ್ಯಾನರೂ ಹೇಳುವುದಿಲ್ಲ.

ನೆರೆಯ ಉಳಿದ ಗುರುತು ಹುಡುಕುವುದು ಸುಲಭ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯೊಳಗಿನ ಭಾಗವನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಇರುತ್ತದೆ. ಸೀಟಿನ ಹಳಿಯ ಬೋಲ್ಟು, ಕಾರ್ಪೆಟ್ಟಿನ ಅಡಿ, ಸ್ಟೆಪ್ನಿಯ ಗುಂಡಿ ನೋಡಿ. ವೈರಿನ ಕನೆಕ್ಟರ್ ಬಿಚ್ಚಿದಾಗ ಪಿನ್ನಿನ ಮೇಲೆ ಹಸಿರು ಪುಡಿ ಕಂಡರೆ ತಾಮ್ರ ತುಕ್ಕು ಹಿಡಿದಿದೆ ಎಂದರ್ಥ. ಅದು ಇವತ್ತು ಹೆಡ್‌ಲೈಟ್, ನಾಳೆ ಏರ್‌ಬ್ಯಾಗ್ ಎಂದು ವರ್ಷಗಟ್ಟಲೆ ಕಾಡುತ್ತದೆ.

ಸ್ಕ್ಯಾನರ್ ಬೇಡವೆಂದಲ್ಲ. ಆದರೆ ದೋಷದ ಕೋಡುಗಳನ್ನು ಒಂದು ಗುಂಡಿ ಒತ್ತಿ ಅಳಿಸಬಹುದು. ಅಳಿಸಿದಾಗ ಕಾರಿನ ಸ್ವಯಂ ಪರೀಕ್ಷೆಗಳ ‘ರೆಡಿನೆಸ್’ ಕೂಡ ಅಳಿಯುತ್ತದೆ; ಹಲವು ಬಗೆಯ ಓಟ ಆದ ಮೇಲಷ್ಟೇ ಅದು ಮರಳುವುದು. ಕೋಡ್ ಒಂದೂ ಇಲ್ಲ, ರೆಡಿನೆಸ್ಸೂ ಇಲ್ಲ ಎಂದಾದರೆ ನಿನ್ನೆ ಮೊನ್ನೆ ಯಾರೋ ಒರೆಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಬಣ್ಣದ ದಪ್ಪ ಅಳೆಯುವ ಗೇಜ್ ಅಪಘಾತದ ಪುಟ್ಟಿಯನ್ನು ಹಿಡಿಯುತ್ತದೆ, ಅದೂ ಲೋಹದ ಮೈಯಿದ್ದರೆ. ರೆನೊ ಎಂಜಿನ್ ಹಾಕಿ ಸ್ಯಾನ್ ಮೋಟಾರ್ಸ್ ಮಾಡಿದ ‘ಸ್ಟಾರ್ಮ್’ ಎಂಬ ಪುಟ್ಟ ಎರಡು ಸೀಟಿನ ಕಾರು ನಮ್ಮ ದೇಶದ್ದೇ, ಮೈ ಫೈಬರ್‌ಗ್ಲಾಸಿನದು. ಅದರ ಮುಂದೆ ಈ ಗೇಜ್ ಮೂಕ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ, ಅದನ್ನು ಕಾಯುವುದು ಆಯಿಲಿನ ತೆಳು ಪದರ. ಸಮಯಕ್ಕೆ ಆಯಿಲ್ ಬದಲಿಸಿದ ರಸೀದಿಗಳಿದ್ದರೆ ಕೇಳಿ ಪಡೆಯಿರಿ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆಯೇ ನೋಡಿ. ಕಬ್ಬಿನ ಹಂಗಾಮಿನಲ್ಲಿ ಬೀಳಗಿ, ಮುಧೋಳದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಓಡಿದ ಕಾರಾದರೆ ಏರ್ ಫಿಲ್ಟರ್ ಪೆಟ್ಟಿಗೆಯ ಒಳಬದಿಯನ್ನು ಬೆರಳಿನಿಂದ ಒರೆಸಿ. ಫಿಲ್ಟರ್ ದಾಟಿದ ಕಡೆಯೂ ಧೂಳಿದ್ದರೆ, ರಿಂಗನ್ನು ಸವೆಸಿದ್ದು ಅದೇ.

ಕಬ್ಬಿನ ಮಾತು ಬಂದದ್ದರಿಂದ ಟ್ಯಾಂಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸಮೀರವಾಡಿ, ಮುಧೋಳದ ಕಾರ್ಖಾನೆಗಳಲ್ಲಿ ಕಬ್ಬಿನಿಂದ ತಯಾರಾಗುವ ಎಥನಾಲ್ ಪೆಟ್ರೋಲಿನಲ್ಲಿ ಬೆರೆತು ಈಗ ಎಲ್ಲ ಬಂಕಿಗೂ ಬರುತ್ತದೆ, ಶೇ 20ರಷ್ಟು. ಎಂಜಿನ್ ಸುಟ್ಟೇಹೋಗುತ್ತದೆ ಎಂಬ ವಾಟ್ಸಾಪ್ ಗುಲ್ಲನ್ನೂ ನಾನು ನಂಬುವುದಿಲ್ಲ, ಏನೂ ಆಗುವುದಿಲ್ಲ ಎಂಬ ಜಾಹೀರಾತನ್ನೂ ನಂಬುವುದಿಲ್ಲ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹಳೆಯ ವಿನ್ಯಾಸದ ಕಾರುಗಳ ಮೈಲೇಜ್ ಶೇ 6-7 ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಲೆಕ್ಕ ಹಾಕಿತ್ತು. ಹಳೆಯ ಸ್ಪೋರ್ಟ್ಸ್ ಕಾರಿಗೆ ಅದಕ್ಕಿಂತ ಮುಖ್ಯ ರಬ್ಬರು. ಎಥನಾಲಿಗೆಂದು ಮಾಡದ ಹೋಸುಗಳು ಉಬ್ಬುತ್ತವೆ, ಆಮೇಲೆ ಬಿರಿಯುತ್ತವೆ. ಟ್ಯಾಂಕಿನ ತಳದ ಹಳೆಯ ಜಿಡ್ಡು ಕರಗಿ ಫಿಲ್ಟರಿಗೆ ಬಂದು ಕೂರುತ್ತದೆ. ಎಥನಾಲ್ ಗಾಳಿಯ ತೇವ ಹೀರುವುದರಿಂದ, ವಾರಕ್ಕೊಮ್ಮೆಯೂ ಹೊರಬೀಳದೆ ಶೆಡ್ಡಿನಲ್ಲೇ ನಿಲ್ಲುವ ಕಾರಿಗೆ ಕಾಟ ಹೆಚ್ಚು. ಕಂಪ್ರೆಶನ್ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಬನಹಟ್ಟಿಯವರು ಮೊದಲು ಖರ್ಚು ಮಾಡಬೇಕಾದದ್ದು ಹೊಸ ಟೈರಿಗಲ್ಲ, ಎಥನಾಲ್ ತಡೆಯುವ ಫ್ಯುಯೆಲ್ ಹೋಸಿಗೆ ಮತ್ತು ಒಂದು ಹೊಸ ಫಿಲ್ಟರಿಗೆ. ಅಷ್ಟರೊಳಗೆ ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಚಾವಿ ತಿರುಗಿಸಬೇಡಿ. ಗ್ಯಾರೇಜಿಗೆ ಎಳೆಸಿಕೊಂಡೇ ಹೋಗಿ.